ಬಾಗಿಲಿಲ್ಲದ ಗುಹೆ

ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. “ಮಕ್ಕಳ ಕಳ್ಳ ಬಂದಾನ, ಹಿಡೀರಿ” ಎಂಬ ಕೂಗು ಕೇಳಿ ಮಗಳನ್ನು ಎತ್ತಿಕೊಂಡು ಗುಡ್ಡದ ಗುಹೆಗೆ ಓಡಿದೆ. ಹಿಂದೆ ಬೌದ್ಧ ಭಿಕ್ಷುಗಳು ಬಂಡೆ ಕೊರೆದು ಮಾಡಿದ್ದು. ದಿಕ್ಕಿಲ್ಲದವರು ಯಾರೇ ಆದರೂ ಬರಲೆಂದು ಅದಕ್ಕೆ ಬಾಗಿಲು ಇಟ್ಟಿಲ್ಲವೆಂದು ನಮ್ಮತ್ತೆ ಹೇಳುತ್ತಿದ್ದರು.

ಒಳಗಿನ ಕತ್ತಲಲ್ಲಿ, ಕಲ್ಲಿನ ಮಂಚದ ಮೇಲೆ ಒಬ್ಬ ಗಂಡಸು ಕೂತಿದ್ದ. ಮಗಳನ್ನು ಎದೆಗವಚಿಕೊಂಡು ಹಿಂದೆ ಸರಿದೆ.

“ಅಕ್ಕಾ, ಅವರು ಹೋದ್ರಾ?” ಎಂದ. ಅವನ ಹಣೆಯಿಂದ ರಕ್ತ ಇಳಿಯುತ್ತಿತ್ತು. “ನಾನು ಬಾಚಣಿಗೆ ಮಾರೋನು. ಅಳ್ತಿದ್ದ ಮಗೂಗೆ ಒಂದು ಪೆಪ್ಪರಮೆಂಟು ಕೊಟ್ಟೆ, ಅಷ್ಟೇ.”

ಹೊರಗೆ ಪಕ್ಕದೂರಿನ ಗಂಡಸರು ಬಡಿಗೆ ಹಿಡಿದು ಬಂದು ನಿಂತರು.

“ಒಳಗ ಯಾರದೀರಿ?”

ಮಗಳನ್ನು ಇಳಿಸಿ, ಗುಹೆಯ ಬಾಯಿಗೆ ಅಡ್ಡಲಾಗಿ ನಿಂತೆ.

“ನಾವ ರೀ. ಬಟ್ಟಿ ಒಗ್ಯಾಕ ಬಂದಿದ್ವಿ. ನಾನು, ನನ್ನ ಮಗಳು, ನಮ್ಮಣ್ಣ.”

“ಕಳ್ಳ ಈ ಕಡೆ ಬಂದ್ನೇನು?”

“ಇಲ್ಲ. ಕೆರಿ ಆಚೆ ಓಡಿದ.”

“ನಡೀರೋ, ಆ ಕಡೆ ಹೋಗೂಣು” ಎಂದು ಒಬ್ಬ ತಿರುಗಿದ. ಉಳಿದವರೂ ಹೊರಟರು; ಇನ್ನೂ ಹತ್ತು ಹೆಜ್ಜೆ ದಾಟಿರಲಿಲ್ಲ.

ಇಷ್ಟು ಹೊತ್ತು ಆ ಮನುಷ್ಯನನ್ನೇ ದಿಟ್ಟಿಸುತ್ತಿದ್ದ ಮಗಳು ಗಟ್ಟಿಯಾಗಿ ಕೇಳಿದಳು:

“ಯವ್ವಾ, ನನಗ ಮಾಮಾನ ಇಲ್ಲ ಅಂತಿದ್ದೆಲ್ಲ, ಹಂಗಾರ ಇವರು ಯಾರು?”