ಖಾಲಿ ನೆರಳು

ಹಲಗೆಯ ಮೇಲೆ ಒಂದು ನೆರಳು ಖಾಲಿ ಇತ್ತು. ಆಲ್ವಿನ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಸ್ಪ್ಯಾನರು, ಇಕ್ಕಳ, ಸುತ್ತಿಗೆ ಎಲ್ಲವೂ ಬೀರುವಿನೊಳಗಿನ ಹಲಗೆಗೆ ಬಳಿದ ತಮ್ಮ ತಮ್ಮ ಆಕಾರದ ಕಪ್ಪು ನೆರಳಿನ ಮೇಲೆ ತೂಗುತ್ತಿದ್ದವು. ಹಲ್ಲಿನ ಡಾಕ್ಟರು ಬಾಯೊಳಗೆ ತೂರಿಸುತ್ತಾರಲ್ಲ, ಅಂಥ ಉದ್ದ ಹಿಡಿಯ ಪುಟ್ಟ ಕನ್ನಡಿ ಮಾತ್ರ ಇರಲಿಲ್ಲ. ಅದರ ಕೊಂಡಿಯಲ್ಲಿ ಯಾರ ಬಿಲ್ಲೆಯೂ ಇರಲಿಲ್ಲ.

ಹ್ಯಾಂಗರಿನ ಹೊರಗೆ ಇಂಗ್ಲೆಂಡಿನ ಲಿಂಕನ್‌ಶೈರಿನ ಮಂಜಿನಲ್ಲಿ ಕ್ಯಾನ್‌ಬೆರಾ ವಿಮಾನ ಅರ್ಧ ಕರಗಿದಂತೆ ನಿಂತಿತ್ತು. ವಾಯುಪಡೆ ಕೈಬಿಟ್ಟ ಆ ಹಳೆಯ ಜೆಟ್ ಬಾಂಬರನ್ನು ಆಲ್ವಿನ್ ಮತ್ತು ಅವನಂಥ ನಾಲ್ಕಾರು ನಿವೃತ್ತರು ತಮ್ಮ ಭಾನುವಾರಗಳನ್ನೆಲ್ಲ ಸುರಿದು ಬದುಕಿಸಿಕೊಂಡಿದ್ದರು. ಹಾರುವ ಅನುಮತಿ ಅದಕ್ಕಿಲ್ಲ. ರನ್‌ವೇಯ ಮೇಲೆ ಜೋರಾಗಿ ಓಡುತ್ತದೆ, ನಡುವೆ ಒಂದು ಗಳಿಗೆ ಮೂಗೆತ್ತುತ್ತದೆ, ಆಮೇಲೆ ಒಲ್ಲದ ಮನಸ್ಸಿನಿಂದ ಇಳಿಸುತ್ತದೆ. ಇವತ್ತು ಅದರ ಕೊನೆಯ ಓಟ. ನಾಳೆಯಿಂದ ರನ್‌ವೇ ಉಗ್ರಾಣ ಕಟ್ಟುವವರ ಪಾಲು. ಬೇಲಿಯಾಚೆ ಜನ ಮಡಿಸುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು ಕಾಯುತ್ತಿದ್ದರು.

ವಿಮಾನ ಓಡಿಸುವ ಕ್ಲೈವ್ ಹೆಲ್ಮೆಟ್ ಕಂಕುಳಲ್ಲಿ ಇರುಕಿಕೊಂಡು ಬಂದ. ಖಾಲಿ ಕೊಂಡಿ ನೋಡಿ ಅವನ ಮುಖವೂ ಇಳಿಯಿತು.

"ಬೇರೆ ಯಾವ್ದಾದ್ರೂ ಕನ್ನಡಿ ತಗಲಾಕು ಮಾರಾಯ. ಯಾರು ನೋಡ್ತಾರೆ?"

"ನಾರ್ಮನ್ ನೋಡ್ತಾನೆ," ಎಂದ ಆಲ್ವಿನ್.

ನಾರ್ಮನ್ ಹೋದ ಚಳಿಗಾಲದಲ್ಲೇ ತೀರಿಕೊಂಡಿದ್ದ. ಆದರೆ ಹಲಗೆಯ ಕಟ್ಟಳೆ ಅವನದು. ಕೊಂಡಿಯಲ್ಲಿ ಉಪಕರಣ ಇರಬೇಕು. ಇಲ್ಲವೇ, ಅದು ಯಾರ ಕೈಯಲ್ಲಿದೆ ಎಂದು ಹೇಳುವ ಹೆಸರಿನ ಹಿತ್ತಾಳೆ ಬಿಲ್ಲೆ ಇರಬೇಕು. ಎರಡೂ ಇಲ್ಲವೆಂದರೆ ವಸ್ತು ಎಂಜಿನ್ನಿನ ಹೊಟ್ಟೆಯಲ್ಲೇ ಬಿದ್ದಿದೆ ಎಂದು ತಿಳಿಯಬೇಕು. ಅದು ಆನೆಯ ಸೊಂಡಿಲಿಗೆ ಇರುವೆ ಹೊಕ್ಕ ಹಾಗೆ. ಇನ್ನು, ಉಪಕರಣಗಳೆಲ್ಲ ವಾಪಸಾಗದೆ ಬೀರುವಿಗೆ ಬೀಗ ಹಾಕುವಂತಿಲ್ಲ. ಈ ಎರಡು ಮಾತು ಮೀರಿದವರನ್ನು ನಾರ್ಮನ್ ಒಂದು ವಾರ ಮಾತಾಡಿಸುತ್ತಿರಲಿಲ್ಲ.

ಎಂಜಿನ್ನಿನ ಬಾಯೊಳಗೆ ಟಾರ್ಚು ಬಿಟ್ಟು ಹುಡುಕಿದರು. ಚಕ್ರದ ಗೂಡು, ಸೀಟಿನ ಕೆಳಗೆ, ಚಹಾ ಡಬ್ಬಿಯ ಹಿಂದೆ, ಎಲ್ಲ ಕಡೆ ತಡಕಾಡಿದರು. ಬೇಲಿಯ ಬಳಿ ಯಾರೋ ಕುರ್ಚಿ ಮಡಿಸಿದ ಸದ್ದು ಕೇಳಿಸಿತು. ಆಲ್ವಿನ್‌ಗೆ ಅಳು ಬರುವಂತಾಯಿತು. ಈ ಎಂಜಿನ್ನು ಮತ್ತೆ ಉಸಿರಾಡಲಿ ಎಂದು ಹಗಲಿರುಳು ಹೆಣಗಿದವನು ನಾರ್ಮನ್. ಕೊನೆಯ ಓಟವನ್ನು ನಿಲ್ಲಿಸುತ್ತಿರುವುದೂ ಅವನ ಕಟ್ಟಳೆಯೇ.

ಅಷ್ಟು ಹೊತ್ತಿಗೆ ನಾರ್ಮನ್ನನ ಹೆಂಡತಿ ಗ್ಲೆನಿಸ್ ಶುಂಠಿ ಕೇಕಿನ ಡಬ್ಬಿ ಹಿಡಿದು ಒಳಗೆ ಬಂದಳು. ಮುದುಕರಿಬ್ಬರೂ ನೆಲದ ಮೇಲೆ ಅಂಬೆಗಾಲಿಡುತ್ತಿದ್ದುದನ್ನು ಕಂಡು ಏನು ಕಳೆಯಿತೆಂದು ಕೇಳಿದಳು. ಆಲ್ವಿನ್ ಖಾಲಿ ನೆರಳು ತೋರಿಸಿದ. ಅವಳ ಕೈ ತಾನಾಗಿ ಕಿವಿಯೋಲೆಗೆ ಹೋಯಿತು.

"ಅಯ್ಯೋ, ಅದಾ? ನನ್ನ ಓಲೆ ಒಲೆಯ ಹಿಂದೆ ಬಿದ್ದಿತ್ತು ಕಣೋ. ಹುಡುಕೋಕೆ ಅಂತ ಅವನೇ ತಂದಿದ್ದ. ಬಿಲ್ಲೆ ಹಾಕಿಯೇ ತಂದಿದೀನಿ, ಕಳ್ಳನ ಹಾಗೆ ನೋಡಬೇಡ ಅಂತ ನನಗೇ ದಬಾಯಿಸಿದ."

"ಈಗೆಲ್ಲಿದೆ ಅದು?"

ಗ್ಲೆನಿಸ್ ಕೇಕಿನ ಡಬ್ಬಿ ಕೆಳಗಿಟ್ಟಳು. "ಅವನ ಜೇಬಲ್ಲಿ. ನೀಲಿ ಸೂಟಿನ ಜೇಬಲ್ಲಿ. ಕೈಗೊಂದು ಉಪಕರಣ ಇಲ್ದೆ ಅವನು ಎಲ್ಲೂ ಸುಮ್ನೆ ಮಲಗಿದವನಲ್ಲ. ಅದಕ್ಕೇ ಮಣ್ಣಿಗೆ ಹೋಗೋವಾಗ ಇಟ್ಟು ಕಳಿಸಿದೆ. ತಪ್ಪಾಯ್ತಾ ಆಲ್ವಿನ್?"

ಆಲ್ವಿನ್‌ಗೆ ಈಗ ನೆನಪಾಯಿತು. ಮಣ್ಣಿಗೆ ಹೋಗಿ ಬಂದ ದಿನ ನೆನಪಿಗಿರಲೆಂದು ನಾರ್ಮನ್ನನ ಬಿಲ್ಲೆಯನ್ನು ಹಲಗೆಯಿಂದ ತೆಗೆದು ಗ್ಲೆನಿಸಳಿಗೆ ಕೊಟ್ಟವನು ಅವನೇ. ಕಣ್ಣು ಮಂಜಾಗಿತ್ತು, ಯಾವ ಕೊಂಡಿಯಿಂದ ತೆಗೆದೆನೆಂದು ನೋಡಿರಲಿಲ್ಲ. ಬೀಗವನ್ನೂ ಹಾಗೇ ಜಡಿದಿದ್ದ. ಅದಾದ ಮೇಲೆ ಬೀರು ತೆರೆದದ್ದು ಇವತ್ತೇ.

"ನಿನ್ನದಲ್ಲ, ತಪ್ಪು ನಂದು. ಬಿಲ್ಲೆ ಎಲ್ಲಿದೆ?"

ಅದು ಅವಳ ಮನೆಯ ಬೀಗದ ಕೈಗಳ ಜೊತೆಗಿತ್ತು. ಉಗುರು ಹಾಕಿ ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಲ್ವಿನ್ ಪಕ್ಕಕ್ಕೆ ಸರಿದ. ಅವಳೇ ಹೋಗಿ ಬಿಲ್ಲೆಯನ್ನು ಖಾಲಿ ಕೊಂಡಿಗೆ ಸಿಕ್ಕಿಸಿದಳು.

ಕ್ಲೈವ್ ವಿಮಾನದೊಳಗೆ ಕೂತು ವಾಡಿಕೆಯಂತೆ ಉಪಕರಣಗಳ ಬಗ್ಗೆ ಕೇಳಿದ. ಆಲ್ವಿನ್, ಎಲ್ಲವೂ ಇವೆ, ಒಂದು ನಾರ್ಮನ್ ಹತ್ತಿರ ಇದೆ ಎಂದ. ಕ್ಲೈವ್ ಹೆಲ್ಮೆಟ್ಟಿನ ಪಟ್ಟಿ ಬಿಗಿದ. ಆಮೇಲೆ ಎಂಜಿನ್ನು ಚಾಲೂ ಮಾಡುವ ಕಾಡತೂಸು ಢಂ ಎಂದು ಸಿಡಿದು, ಕಪ್ಪು ಹೊಗೆ ಎದ್ದು, ಎಂಜಿನ್ನು ಮೊದಲು ನರಳಿತು, ಮತ್ತೆ ಹಾಡಿತು.

ಕ್ಯಾನ್‌ಬೆರಾ ಮಂಜನ್ನು ಸೀಳಿಕೊಂಡು ಓಡಿತು. ರನ್‌ವೇಯ ಆ ತುದಿಯಾಚೆ ಇಗರ್ಜಿಯ ಗೋಪುರ ಮಸುಕಾಗಿ ತೇಲುತ್ತಿತ್ತು. ನಾರ್ಮನ್ ಮಲಗಿರುವುದು ಅದರ ಬುಡದಲ್ಲೇ. ನಡುದಾರಿಯಲ್ಲಿ ವಿಮಾನ ಮೂಗೆತ್ತಿತು, ಎಂದಿಗಿಂತ ತುಸು ಹೆಚ್ಚು ಹೊತ್ತು ಎತ್ತಿಯೇ ಹಿಡಿಯಿತು. ಹಾರಿಯೇಬಿಟ್ಟಿತು ಎಂದು ಆಲ್ವಿನ್‌ಗೂ ಅನ್ನಿಸಿತು. ಎಲ್ಲ ತಿಳಿದಿದ್ದೂ ಅನ್ನಿಸಿತು. ಗ್ಲೆನಿಸ್ ಅವನ ತೋಳು ಹಿಡಿದುಕೊಂಡಿದ್ದಳು.

ಸಂಜೆ ಎಲ್ಲರೂ ಹೋದ ಮೇಲೆ ಆಲ್ವಿನ್ ಉಪಕರಣಗಳನ್ನು ಒಂದೊಂದಾಗಿ ನೆರಳಿಗೆ ಸೇರಿಸಿ, ಬೀರುವಿನ ಬಾಗಿಲನ್ನು ಸುಮ್ಮನೆ ಮುಚ್ಚಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

"ಬೀಗ ಹಾಕಲ್ವಾ?" ಎಂದು ಗ್ಲೆನಿಸ್ ಕೇಳಿದಳು.

"ಹೇಗೆ ಹಾಕ್ಲಿ?" ಎಂದ ಆಲ್ವಿನ್. "ಅವನಿನ್ನೂ ಕೆಲಸದ ಮೇಲಿದಾನೆ."