ಜೊತೆಗೆ ಬಂದವಳು

ಕೊನೆಯ ಬಾಣಂತಿಯೂ ಹೊರಟಳು ಎಂದುಕೊಂಡು ಡಾಕ್ಟರಮ್ಮ ಮೇಜಿನಡಿ ಚಪ್ಪಲಿ ಕಳಚಿ ಕಾಲು ಚಾಚಿದ್ದರು. ಅಷ್ಟರಲ್ಲಿ ಆ ಬಾಣಂತಿಯ ತಾಯಿ ಬಾಗಿಲು ಸರಿಸಿ ಒಳಬಂದಳು. ಮಗಳು ಮಗುವಿಗೆ ಚುಚ್ಚುಮದ್ದು ಹಾಕಿಸಲು ಪಕ್ಕದ ಕೋಣೆಗೆ ಹೋಗಿದ್ದಾಳೆ, ಮಗುವಿನ ಟೋಪಿ ಇಲ್ಲೇ ಉಳಿದುಹೋಯಿತು ಎಂದು ಸಂಕೋಚದಿಂದ ಹೇಳಿ, ಪರೀಕ್ಷೆಯ ಮಂಚದ ಮೇಲಿದ್ದ ಟೋಪಿ ಎತ್ತಿಕೊಂಡಳು.

ಅವಳು ತಿರುಗಿದಾಗ ಉಟ್ಟ ಸೀರೆಯ ಹಿಂಬದಿಯಲ್ಲಿ ಕಲೆ ಕಾಣಿಸಿತು. ಹಸಿ ರಕ್ತದ ಕಲೆ. ಬೆಳಗಿನಿಂದ ಹೆಂಗಸರ ಹೊಟ್ಟೆ ಮುಟ್ಟಿ ಮುಟ್ಟಿ, ಹೇಳಿದ್ದನ್ನೇ ಹೇಳಿ ಹೇಳಿ ಡಾಕ್ಟರಮ್ಮನಿಗೆ ಸಾಕುಸಾಕಾಗಿತ್ತು. ಕಂಡೂ ಕಾಣದ ಹಾಗೆ ಇದ್ದುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಒಂದು ಗಳಿಗೆ ಹಾಗೇ ಇದ್ದುಬಿಡೋಣ ಎಂದೂ ಅನಿಸಿತು. ಆದರೆ ಆ ವಯಸ್ಸಿನವಳ ಬಟ್ಟೆಯ ಮೇಲೆ ಇರಬಾರದ ಕಲೆ ಅದು.

"ಅಮ್ಮಾ, ನಿಮಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

ಆಕೆ ಟೋಪಿಯನ್ನು ಮುದುರಿ ಹಿಡಿದಳು. ನಿಂತು ಏಳೆಂಟು ವರ್ಷವೇ ಆಗಿತ್ತಂತೆ. ಮಗಳು ಬಸಿರಾಗಿ ಮೂರು ತಿಂಗಳು ತುಂಬಿದಾಗ ಮತ್ತೆ ಶುರುವಾಯಿತಂತೆ. ಅವಳೇ ವಾಂತಿಯಿಂದ ಹೈರಾಣಾಗಿದ್ದಾಗ ಇದನ್ನು ಹೇಳಿ ಇನ್ನಷ್ಟು ತಲೆ ಕೆಡಿಸುವುದೇಕೆಂದು ಸುಮ್ಮನಾದಳು. ಹೆರಿಗೆಯಾದ ಮೇಲಂತೂ ಸುಲಭವೇ ಆಯಿತು. ಬಾಣಂತಿಯ ಬಟ್ಟೆಯ ಜೊತೆ ತನ್ನದನ್ನೂ ಒಗೆದು ಹಾಕಿದರೆ ಯಾರಿಗೆ ತಿಳಿಯಬೇಕು?

"ಮೊಮ್ಮಗು ಎತ್ತಿ ಆಡಿಸೋ ವಯಸ್ಸಲ್ಲಿ ಇದೇನು ನಾಚಿಕೆಗೇಡು ಅಂತ" ಎಂದು ಸಣ್ಣಗೆ ನಕ್ಕಳು.

ಮಂಚ ಹತ್ತಲು ಮಾತ್ರ ಸುತರಾಂ ಒಪ್ಪಲಿಲ್ಲ. ತಾನು ಹೆತ್ತು ಮುಗಿಸಿದವಳು, ಇದು ಹೆರುವವರ ಜಾಗ, ಹೊರಗೆ ಮಗಳು ಕಾಯುತ್ತಾಳೆ, ನೆಪಗಳಿಗೇನೂ ಬರವಿರಲಿಲ್ಲ. ಡಾಕ್ಟರಮ್ಮ ವಾದಕ್ಕೆ ನಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಎದ್ದರು, ನರ್ಸನ್ನು ಕರೆದು ಪರದೆ ಎಳೆಸಿದರು.

ಗರ್ಭಕೋಶದ ಬಾಯಲ್ಲಿ ಗಟ್ಟಿ ಗಂಟು. ಸೋಕಿದರೆ ಸಾಕು, ರಕ್ತ. ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ಬಾಕಿಯಿತ್ತು, ಆದರೆ ಇಷ್ಟು ವರ್ಷ ಪಳಗಿದ ಬೆರಳಿಗೆ ಇದು ಕ್ಯಾನ್ಸರ್ ಎಂದು ಅಷ್ಟರಲ್ಲೇ ಗೊತ್ತಾಗಿತ್ತು. ಶುರುವಿನಲ್ಲೇ ತೋರಿಸಿದ್ದರೆ ಸಣ್ಣದರಲ್ಲಿ ಮುಗಿಯುತ್ತಿತ್ತೇನೋ. ಡಾಕ್ಟರಮ್ಮನಿಗೆ ದಣಿವಿನ ಮೇಲೆ ಸಿಟ್ಟೂ ಬಂತು. ಯಾರ ಮೇಲೆ ಎಂದು ಅವರಿಗೇ ತಿಳಿಯಲಿಲ್ಲ.

ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಅಲ್ಲಿನವರಿಗೆ ತಾನೇ ಫೋನ್ ಮಾಡುತ್ತೇನೆ, ಮಗಳಿಗೂ ವಿಷಯ ತಿಳಿಸಲೇಬೇಕು ಎಂದರು. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟರು.

"ಮಗಳ ಜೊತೆ ತಿಂಗಳು ತಿಂಗಳೂ ಇಲ್ಲಿಗೇ ಬರ್ತಿದ್ರಲ್ಲಮ್ಮ. ನನ್ನ ಹತ್ರ ಒಂದು ಮಾತು ಹೇಳ್ಬಾರದಿತ್ತಾ?"

ಆಕೆ ಮಂಚದಿಂದ ಇಳಿದು ಬಟ್ಟೆ ಸರಿಮಾಡಿಕೊಂಡಳು. ದನಿಯಲ್ಲಿ ದೂರು ಏನೂ ಇರಲಿಲ್ಲ.

"ಹೇಳೋಣ ಅಂತಲೇ ಎರಡು ಸಲ ಅವಳ ಹಿಂದೆ ಒಳಗೆ ಬಂದಿದ್ದೆ ಡಾಕ್ಟ್ರೆ. ಮಗಳು ಮನಸ್ಸು ಬಿಚ್ಚಿ ಮಾತಾಡ್ಲಿ, ಜೊತೆಗೆ ಬಂದವರು ಹೊರಗೆ ಕೂತಿರಿ ಅಂತ ನೀವೇ ಕಳಿಸಿದ್ರಿ."