ಏರಿಯ ಕೆಳಗಿನ ಮನೆ

ರೆಸಾರ್ಟಿನ ಬೋಟಿಂಗಿಗೆಂದು ಲೋಕೇಶಪ್ಪ ಹಳ್ಳಕ್ಕೆ ಅಡ್ಡಲಾಗಿ ಹಾಕಿಸಿದ್ದ ಮಣ್ಣಿನ ಏರಿಯನ್ನು ಪರೀಕ್ಷಿಸಲು ಎಂಜಿನಿಯರ್ ಶಶಿರೇಖಾ ಬಂದಿದ್ದಳು. ಏರಿಯ ಬುಡದಲ್ಲಿ ಜಿನುಗುತ್ತಿದ್ದ ನೀರು ರಾಡಿಯಾಗಿತ್ತು. ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದು ತಿಳಿದದ್ದೇ ಅವಳು ಜೊತೆಗಿದ್ದ ಲೋಕೇಶಪ್ಪನತ್ತ ತಿರುಗಿದಳು.

“ತೂಬು ಎತ್ತಿಸಿ. ಇವತ್ತೇ ನೀರು ಇಳಿಸಬೇಕು.”

“ಮೇಡಂ, ಈ ವಾರ ಮದುವೆ ಪಾರ್ಟಿ ಇದೆ. ಬರೋರೆಲ್ಲ ಬೋಟಿಂಗ್‌ಗೇ ಅಂತ ಬರೋದು. ಸೋಮವಾರ ನಾನೇ ನಿಂತು ಖಾಲಿ ಮಾಡಿಸ್ತೀನಿ.”

“ಅಷ್ಟರಲ್ಲಿ ಒಡೆದರೆ? ಕೆಳಗೆ ಮನೆಗಳಿವೆ.”

“ಆ ಹೆಂಚಿನ ಮನೆ ನೋಡಿ. ಅಲ್ಲಿರೋದು ನಮ್ಮವ್ವ. ಭಯ ಇದ್ದಿದ್ರೆ ಹೆತ್ತ ತಾಯಿನ ಅಲ್ಲಿ ಬಿಡ್ತಿದ್ನಾ?”

ಅವನು ಕಣ್ಣೊರೆಸಿಕೊಂಡ. ಶಶಿರೇಖಾ ಹೆಂಚಿನ ಮನೆಯತ್ತ ನೋಡಿ, ಸೋಮವಾರದವರೆಗೆ ಕಾಯಲು ಒಪ್ಪಿದಳು.

ಜೀಪು ಹತ್ತಿದರೂ ಆ ರಾಡಿ ನೀರು ಕಣ್ಣಿಂದ ಹೋಗಲಿಲ್ಲ. ಮುದುಕಿಗಾದರೂ ಎಚ್ಚರದಿಂದಿರಲು ಹೇಳಿ ಹೋಗೋಣವೆಂದು ಹೆಂಚಿನ ಮನೆಯ ಮುಂದೆ ಇಳಿದಳು. ಬಾಗಿಲಿಗೆ ಬೀಗ ಹಾಕಿತ್ತು. ಪಕ್ಕದ ಅಂಗಳದಲ್ಲಿ ಮಗುವಿಗೆ ನೀರು ಹಾಕುತ್ತಿದ್ದ ಹೆಂಗಸು ತಲೆಯೆತ್ತಿದಳು.

“ಈ ಮನೆ ಅಜ್ಜಿ ಎಲ್ಲಿದ್ದಾರಮ್ಮಾ?”

“ಮೊನ್ನೆನೇ ಮಗ ಬಂದು ಗುಡ್ಡದ ಮೇಲಿನ ಮನೆಗೆ ಕರ್ಕೊಂಡೋದ್ರು ಕಣಕ್ಕಾ. ಒಲ್ಲೆ ಅಂತ ಅತ್ರೂ ಕೇಳ್ಲಿಲ್ಲ, ಒಂದು ಕೋಳಿನೂ ಬಿಡದೆ ಹೊತ್ಕೊಂಡೋದ್ರು.”